ಪ್ರಯೋಗಶಾಲೆಯೂ ಬೋಧಕರ ಹಿಂಜರಿಕೆಯೂ

ಚಾಮರಾಜನಗರದ ಸಮೀಪದ ಹರದನಹಳ್ಳಿಯು ದಿವ್ಯಲಿಂಗೇಶ್ವರನ ದೇವಾಲಯದಿಂದ ಹೆಸರಾದ ಗ್ರಾಮ. ಅಲ್ಲಿಯ ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಉಂಟು. 1974ರಲ್ಲಿ ಪಾಂಡಿಚೇರಿಯಲ್ಲಿ ಮೊದಲನೆಯದು ಸ್ಥಾಪಿತವಾದಂದಿನಿಂದ ಇಂತಹ ಕೇಂದ್ರಗಳ ತತ್ತ್ವ ಒಂದೇ: ಮಾಡಿ ಕಲಿಯುವುದು, ಮಾಡಿಸಿ ಕಲಿಸುವುದು. ಈ ಮಾತನ್ನು ಯಾವ ಪ್ರಯೋಗಶಾಲೆಯಲ್ಲಿಯೇ ಆಗಲಿ ಆಚರಣೆಗೆ ತರಹೊರಟರೆ, ಮೊದಲು ಹಿಂಜರಿಯುವವರು ಸಾಮಾನ್ಯವಾಗಿ ಕಲಿಯುವವರಲ್ಲ, ಕಲಿಸುವವರು.

ಮಣ್ಣಿನ ಪರೀಕ್ಷೆಯನ್ನೇ ನೋಡೋಣ. 10 ಗ್ರಾಂ ಮಣ್ಣಿಗೆ 25 ಮಿಲಿಲೀಟರು ಶುದ್ಧಜಲವನ್ನು ಬೆರಸಿ, ಅರ್ಧ ಗಂಟೆಯವರೆಗೆ ಆಗಾಗ ಕದಡಿ, ಮಾಪಕವನ್ನು ಅದ್ದಿ ರಸಸಾರವನ್ನು ಅಳೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ಬೋಧಕರು ತಾವೇ ಮಾಡಿ ತೋರಿಸಿ 'ಉತ್ತರ ಇಷ್ಟು' ಎನ್ನುವರು, ಉಳಿದವರು ಬರೆದುಕೊಳ್ಳುವರು. ಹೊಸ ಪದ್ಧತಿಯಲ್ಲಿ ಒಬ್ಬೊಬ್ಬರೂ ತಾವೇ ಅಳೆಯಬೇಕು. ಆಗ ಒಂದೇ ಅರಿಸಿನದ ಹೊಲದ ಮಣ್ಣಿಗೆ ಒಬ್ಬರಿಗೆ 6.8, ಮತ್ತೊಬ್ಬರಿಗೆ 7.4 ಬಂದೀತು. ಕದಡಿದುದು ಸಾಲದೆ ಹೋಯಿತೆ? ಮಾಪಕವನ್ನು ಪ್ರಮಾಣದ್ರಾವಣದಲ್ಲಿಟ್ಟು ಸರಿಪಡಿಸಲಿಲ್ಲವೆ? ಹೊಲದ ಒಂದೇ ಮೂಲೆಯಿಂದ ಮಣ್ಣನ್ನು ಅಗೆದು ತಂದರೆ? ನಿಜವಾದ ಪಾಠವಿರುವುದು ಈ ಪ್ರಶ್ನೆಗಳಲ್ಲಿ. ಬೋಧಕರ ಅಂಜಿಕೆಯೂ ಇಲ್ಲಿಯೇ. ಗೊತ್ತಿಲ್ಲದ ಉತ್ತರವನ್ನು ಶಿಷ್ಯರೆದುರಿಗೆ ಹುಡುಕುವುದು ಹಿರಿಯರಿಗೆ ಸುಲಭವಲ್ಲ. ಇದನ್ನು ಸೋಮಾರಿತನವೆಂದು ಹಳಿಯುವುದು ಅನ್ಯಾಯ. ಗಾಜು ಒಡೆದರೆ ಲೆಕ್ಕ ಒಪ್ಪಿಸಬೇಕಾದವರು ಅವರು. ಗಂಟೆ ಬಾರಿಸುವುದರೊಳಗೆ ಮುಗಿಸಬೇಕಾದವರೂ ಅವರೇ. ಪರೀಕ್ಷೆಯಾದರೋ ಉತ್ತರವನ್ನು ಕೇಳುತ್ತದೆ, ದಾರಿಯನ್ನು ಕೇಳುವುದಿಲ್ಲ.

ಅವರನ್ನು ಒಲಿಸಿಕೊಳ್ಳಲು ಸುತ್ತೋಲೆ ಸಾಲದು, ಉಪನ್ಯಾಸವೂ ಸಾಲದು (ನಾವೂ ಉಪನ್ಯಾಸವನ್ನೇ ಮಾಡುತ್ತಿದ್ದೇವೆ, ಇರಲಿ!). ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ನನು, ರೂಢಿಯಲ್ಲಿಲ್ಲದ ಆಹಾರವನ್ನು ಅಡುಗೆಗೆ ತರುವಂತೆ ಅಮೆರಿಕದ ಗೃಹಿಣಿಯರನ್ನು ಒಪ್ಪಿಸಲು ಎರಡು ಬಗೆಯಾಗಿ ಯತ್ನಿಸಿದನು. ಉಪನ್ಯಾಸ ಕೇಳಿದವರಲ್ಲಿ ಅದನ್ನು ಬಡಿಸಿದವರು ನೂರಕ್ಕೆ 3. ಕೂಡಿ ಚರ್ಚಿಸಿ ತಾವೇ ನಿರ್ಧರಿಸಿದವರಲ್ಲಿ 32.

ಆದುದರಿಂದ ಬೋಧಕರು ಮೊದಲು ಶಿಷ್ಯರ ಮೇಜಿನ ಬಳಿ ನಿಲ್ಲಲಿ. ಮೂವರೋ ನಾಲ್ವರೋ ಸೇರಿ, ರಸಸಾರ ತಿಳಿಯದ ಮಣ್ಣೊಂದನ್ನು ಬೇರೆಬೇರೆಯಾಗಿ ಅಳೆದು, ಅಂಕೆಗಳು ಹೊಂದದಿದ್ದಾಗ ತಮ್ಮತಮ್ಮಲ್ಲೇ ವಾದಿಸಲಿ. ಆ ವಾದದ ರುಚಿ ಹತ್ತಿದವರಿಗೆ ಬೇರೆ ಬೋಧನೆ ಬೇಕಾಗದು. ಬಳಿಕ ವರ್ಷಕ್ಕೆ ಯಾವ ಒಂದು ಪ್ರಯೋಗವನ್ನು ಬದಲಿಸಬೇಕೆಂಬುದನ್ನು ಅವರೇ ಆರಿಸಿಕೊಳ್ಳಲಿ. ಅಧಿಕಾರಿಗಳು ಮಾಡಬೇಕಾದುದೂ ಉಂಟು: ಒಡೆಯುವ ಗಾಜಿಗೆ ಮೊದಲೇ ಹಣವನ್ನು ತೆಗೆದಿಡುವುದು, ವ್ಯತ್ಯಾಸಕ್ಕೆ ಕಾರಣವನ್ನು ಬರೆದವನಿಗೆ ಉತ್ತರ ಬರೆದವನಷ್ಟೇ ಅಂಕಗಳನ್ನು ಕೊಡುವುದು. ಮೊದಲ ವರ್ಷ ರಸಸಾರದ ಪ್ರಯೋಗ ಮಾತ್ರ ಹೊಸ ರೀತಿಯಲ್ಲಿ ನಡೆದು, ಮಿಕ್ಕವೆಲ್ಲ ಹಳೆಯ ರೀತಿಯಲ್ಲಿಯೇ ಉಳಿದರೂ ಚಿಂತೆಯಿಲ್ಲ.