ರ‍್ಯಾಂಪ್ ಇದೆ, ಬಚ್ಚಲಿಗೆ ದಾರಿ ಇಲ್ಲ

ಸಿವಿಲ್ ಡಿಪ್ಲೊಮಾ ಮುಗಿಸಿ ಮಿಶ್ರಿಕೋಟಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ಗುತ್ತಿಗೆದಾರರು ಒಪ್ಪಿಸಿದ ಮೊದಲ ಕೆಲಸ ವೃದ್ಧರ ಆರೈಕೆ ಕೇಂದ್ರವೊಂದರದ್ದು. ಗಾಲಿಕುರ್ಚಿ ಬಳಸುವವರ 8 ಕೋಣೆಗಳ ಅಳತೆ ತರಬೇಕಿತ್ತು. ಮುಂಬಾಗಿಲಲ್ಲಿ ರ‍್ಯಾಂಪ್ ಇತ್ತು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ, ನಿಯಮದಂತೆಯೇ.

ಒಳಗಿನ ಲೆಕ್ಕ ಬೇರೆ. ಬಚ್ಚಲಿನ ಬಾಗಿಲು ಹೆಸರಿಗೆ ಎರಡೂವರೆ ಅಡಿ. ಚೌಕಟ್ಟು, ಕದದ ದಪ್ಪ ಕಳೆದರೆ ಉಳಿಯುವುದು 26 ಇಂಚು. ಗಾಲಿಕುರ್ಚಿಯ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಗಾಲಿ ತಿರುಗಿಸುವ ಕೈ ಎಲ್ಲಿ ಹೋಗಬೇಕು? ಸಾಲದ್ದಕ್ಕೆ ನೀರು ಹೊರಬರದಿರಲೆಂದು 4 ಇಂಚಿನ ಹೊಸ್ತಿಲು.

ಸೊಂಟದ ಮೂಳೆ ಮುರಿದು ಕುರ್ಚಿ ಹಿಡಿದ ಅಜ್ಜಿಯೊಬ್ಬರು ನನ್ನ ಟೇಪನ್ನೇ ನೋಡುತ್ತಿದ್ದರು. ‘ಯವ್ವಾ, ಹಗಲೊತ್ತು ಯಾರರೆ ಬರ್ತಾರ. ರಾತ್ರಿ ಕರಿಯಾಕ ನಾಚಿಕಿ. ಅದಕ್ಕ ಸಂಜಿಮುಂದ ನೀರ ಕುಡಿಯೂದ ಬಿಟ್ಟೇನಿ’ ಅಂದರು. ಯಾವ ಪಠ್ಯಪುಸ್ತಕದಲ್ಲೂ ಬಾಗಿಲಿನ ಅಗಲಕ್ಕೂ ಕುಡಿಯುವ ನೀರಿಗೂ ಇರುವ ನಂಟನ್ನು ನಾನು ಓದಿರಲಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಜನರಿಗೆ ಆರೋಗ್ಯ ಸೇವೆ ಕೊಡುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ನಿಯಮಗಳು ಬಂದದ್ದು 2017ರಲ್ಲಿ, ಹಳೆಯ ಕಟ್ಟಡಗಳ ದುರಸ್ತಿಗೆ ಕೊಟ್ಟ 5 ವರ್ಷ 2022ಕ್ಕೇ ಮುಗಿದಿದೆ. ಇವು ಬರೀ ಸಲಹೆಯಾಗಿ ಉಳಿಯಬಾರದು, ಕನಿಷ್ಠ ಮಾನದಂಡ ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ‘ರ‍್ಯಾಂಪ್ ಮಾಡೇವಲ್ರಿ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಹಾಗಂತ ಗೋಡೆಯನ್ನೆಲ್ಲ ಕೆಡವಬೇಕಿಲ್ಲ. ಬಾಗಿಲನ್ನು 3 ಅಡಿಗೆ ಅಗಲ ಮಾಡಿ ಕದ ಹೊರಗೆ ತೆರೆಯುವಂತೆ ಕೂಡಿಸಿದೆವು. ‘ಬಚ್ಚಲ ಕದಾ ಯಾರರ ಹೊರಗ ತಗೀತಾರೇನ್ರಿ?’ ಎಂದು ಗೌಂಡಿ ನಕ್ಕರು. ಒಳಗೆ ಯಾರಾದರೂ ಬಿದ್ದರೆ ಒಳಮುಖದ ಕದಕ್ಕೆ ಮೈ ಅಡ್ಡವಾಗುತ್ತದೆ, ನೂಕಿದರೆ ಅವರಿಗೇ ಪೆಟ್ಟು ಎಂದ ಮೇಲೆ ತಾವೇ ಮುಂದೆ ನಿಂತು ಕೆಲಸ ಮಾಡಿದರು. ಹೊಸ್ತಿಲು ಒಡೆದು, ನೀರು ಹೋಗಲು ಜಾಲರಿ ಮುಚ್ಚಿದ ಕಾಲುವೆ ತೆಗೆದೆವು. ಮಂಚವನ್ನು ಗೋಡೆಗೆ ಸರಿಸಿದ್ದಕ್ಕೇ ಕುರ್ಚಿ ತಿರುಗಲು ಬೇಕಾದ 5 ಅಡಿ ಜಾಗ ಸಿಕ್ಕಿತು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಕಮೋಡಿನ ಎತ್ತರ ಕುರ್ಚಿಯ ಆಸನಕ್ಕೆ ಸಮವಾಗಿರಬೇಕು, ಸುಮಾರು 18-19 ಇಂಚು. ಪಕ್ಕದ ಹಿಡಿಕೆಯ ಬೋಲ್ಟು ಟೈಲ್ಸಿನಲ್ಲಿ ನಿಂತರೆ ಸಾಲದು, ಹಿಂದಿನ ಇಟ್ಟಿಗೆ ಗೋಡೆಗೆ ಕಚ್ಚಬೇಕು. ಕಿತ್ತುಬರುವ ಹಿಡಿಕೆಗಿಂತ ಹಿಡಿಕೆ ಇಲ್ಲದಿರುವುದೇ ವಾಸಿ.

ಸಿವಿಲ್ ಓದುತ್ತಿರುವ ಗೆಳೆಯ, ಗೆಳತಿಯರೇ, ಒಂದು ದಿನ ಟೇಪು ಹಿಡಿದು ನಿಮ್ಮ ಹಾಸ್ಟೆಲ್ಲಿನ ಶೌಚಾಲಯದ ಬಾಗಿಲನ್ನೂ ಅಳೆಯಿರಿ.

ಅಜ್ಜಿಯದೂ ಸೇರಿ 3 ಕೋಣೆ ಮುಗಿದಿವೆ. ಉಳಿದ 5 ಕೋಣೆಗಳ ಅಂದಾಜುಪಟ್ಟಿ ಆಡಳಿತ ಮಂಡಳಿಯ ಮೇಜಿನ ಮೇಲಿದೆ. ವಾರಕ್ಕೊಮ್ಮೆ ಹೋಗಿ ಕೇಳುತ್ತಿದ್ದೇನೆ.