ಮಗುವಿನ ಪರವಾಗಿ ಮಾತನಾಡುವವರು ಯಾರು?

ತೋಟದಲ್ಲಿ ಒಂದು ಅಡಿಕೆ ಸಸಿ ಹಳದಿ ತಿರುಗಿದರೆ ನಾವು ಕೈಕಟ್ಟಿ ಕೂರುವುದಿಲ್ಲ. ಕೃಷಿಭವನಕ್ಕೆ ಹೋಗುತ್ತೇವೆ, ಸಿ.ಪಿ.ಸಿ.ಆರ್.ಐ.ಯವರನ್ನು ವಿಚಾರಿಸುತ್ತೇವೆ, ನೆರೆಕರೆಯ ಅನುಭವಸ್ಥರನ್ನು ಕರೆದು ತೋರಿಸುತ್ತೇವೆ. ಆದರೆ ಮನೆಯ ಮಗು ಮಾತು ಕಲಿಯಲು ತಡಮಾಡಿದರೆ, ಮೂರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ ಮಾತ್ರ “ದೊಡ್ಡವನಾಗುವಾಗ ಸರಿಯಾದೀತು” ಎಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಳ್ಳುತ್ತೇವೆ. ಶಾಲೆಯವರು “ಇವನಿಗೆ ಇಲ್ಲಿ ಕಷ್ಟ, ಬೇರೆ ಕಡೆ ನೋಡಿ” ಎಂದರೆ ತಲೆತಗ್ಗಿಸಿ ಮನೆಗೆ ಬರುತ್ತೇವೆ. ಹೀಗೆ ಎಷ್ಟೋ ಮಕ್ಕಳ ಕಲಿಯುವ ವಯಸ್ಸು ಮನೆಯ ಜಗಲಿಯಲ್ಲೇ ಕಳೆದುಹೋಗುತ್ತದೆ.

ಅಳುವ ಮಗುವಿಗೆ ಹಾಲು ಎಂಬ ಮಾತಿದೆ. ಅಳಲಾರದ ಮಗುವಿನ ಪರವಾಗಿ ಬೇರೆಯವರು ಬಾಯಿ ತೆರೆಯಬೇಕು. ಹೆತ್ತವರು ಏನು ಕೇಳಬಹುದು, ಯಾರಲ್ಲಿ ಕೇಳಬೇಕು, ಜೊತೆಗೆ ಯಾರನ್ನು ಕರೆದುಕೊಂಡು ಹೋಗಬಹುದು ಎಂಬುದನ್ನು ಈ ಬಾರಿ ನಮ್ಮ ಕಾಸರಗೋಡು ಜಿಲ್ಲೆಯ ಮಟ್ಟಿಗೆ ವಿವರಿಸುತ್ತೇವೆ.

ಇದು ದಾನವಲ್ಲ, ಹಕ್ಕು

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ವಿಶೇಷ ಶಿಕ್ಷಣವೆಂಬುದು ಯಾರೋ ಕನಿಕರದಿಂದ ಮಾಡುವ ಉಪಕಾರವಲ್ಲ. 2016ರ ಭಿನ್ನಸಾಮರ್ಥ್ಯದವರ ಹಕ್ಕುಗಳ ಕಾಯಿದೆ 21 ಬಗೆಯ ತೊಂದರೆಗಳನ್ನು ಪಟ್ಟಿಮಾಡಿದೆ. ಕುರುಡು, ಕಿವುಡು, ಕೈಕಾಲಿನ ಊನ ಮಾತ್ರವಲ್ಲ; ಬುದ್ಧಿಯ ಬೆಳವಣಿಗೆಯ ಕುಂಠಿತ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಾತಿನ ದೋಷ ಇವೆಲ್ಲ ಅದರಲ್ಲಿವೆ. ಬುದ್ಧಿ ಚುರುಕಾಗಿದ್ದೂ ಓದು, ಬರಹ, ಲೆಕ್ಕ ಮಾತ್ರ ಹತ್ತದ ಕಲಿಕಾ ನ್ಯೂನತೆಯೂ ಸೇರಿದೆ. ನಾವು “ದಡ್ಡ”, “ಸೋಮಾರಿ” ಎಂದು ಬೈದು ಬೆತ್ತ ಹಿಡಿಯುವ ಮಕ್ಕಳಲ್ಲಿ ಈ ತೊಂದರೆಯವರು ಇರಬಹುದು.

ಊನತೆ ಶೇಕಡಾ 40ಕ್ಕೆ ಕಡಿಮೆಯಿಲ್ಲ ಎಂದು ಪ್ರಮಾಣಪತ್ರ ಸಿಕ್ಕಿದ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಎರಡರಲ್ಲಿ ಯಾವುದು ಎಂಬ ಆಯ್ಕೆಯನ್ನೂ ಕಾಯಿದೆ ಮಗುವಿಗೇ ಬಿಟ್ಟಿದೆ. ಪುಸ್ತಕ, ಶ್ರವಣಯಂತ್ರದಂತಹ ಸಾಧನಗಳನ್ನು 18 ವರ್ಷದವರೆಗೆ ಉಚಿತವಾಗಿ ಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಉತ್ತರ ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಮುಂತಾದ ಅನುಕೂಲಗಳಿಗೂ ಕಾಯಿದೆಯಲ್ಲಿ ಅವಕಾಶವಿದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಮಲಯಾಳ, ಇಂಗ್ಲಿಷ್, ಹಿಂದಿ ಎಂದು ಹೊರೆ ಹೊರುವ ನಮ್ಮ ಗಡಿನಾಡಿನ ಮಗುವಿಗೆ ಈ ಕೊನೆಯ ಅನುಕೂಲ ಸಣ್ಣದಲ್ಲ.

“ಖಾಸಗಿ ಆಡಳಿತದ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ” ಎಂದು ಹೇಳುವವರಿದ್ದಾರೆ. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯಿಂದ ಹೊರಗಿಟ್ಟದ್ದು ನಿಜ. ಆದರೆ 2016ರ ಕಾಯಿದೆಯ 16ನೇ ವಿಧಿ ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳ ಬಗ್ಗೆ ಮಾತನಾಡುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕೆಂಬ ಮಾತು ನಮ್ಮ ಸಭೆಯ ಶಾಲೆಗಳಿಗೂ ಸಲ್ಲುತ್ತದೆ. ಇದನ್ನು ನಾವೇ ಮೊದಲು ನೆನಪಿಡುವುದು ಒಳ್ಳೆಯದು.

ಮೊದಲ ಹೆಜ್ಜೆ: ಕಾಗದ

ಜಾಗದ ಆಧಾರ, ತೆರಿಗೆ ರಶೀದಿಗಳನ್ನು ನಾವು ಕಪಾಟಿನಲ್ಲಿ ಎಷ್ಟು ಜೋಪಾನವಾಗಿಡುತ್ತೇವೆ! ಮಗುವಿಗೂ ಅಂತಹ ಒಂದು ಕಡತ ಬೇಕು. ಜನನ ಪತ್ರ, ಆಸ್ಪತ್ರೆಯ ಚೀಟಿಗಳು, ಶಾಲೆಯ ಪ್ರಗತಿ ಪತ್ರ, ಕೊಟ್ಟ ಅರ್ಜಿಗಳ ಪ್ರತಿ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಇಡಿ. ಯಾವ ದಿನ ಯಾರನ್ನು ಕಂಡಿರಿ, ಅವರು ಏನೆಂದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.

ಇದರಲ್ಲಿ ಮುಖ್ಯವಾದದ್ದು ಅಂಗವೈಕಲ್ಯದ ಪ್ರಮಾಣಪತ್ರ. ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಆದರೆ ಅಲ್ಲಿನ ಖಾಸಗಿ ವೈದ್ಯರು ಬರೆದುಕೊಟ್ಟ ಚೀಟಿ ಪ್ರಮಾಣಪತ್ರವಾಗುವುದಿಲ್ಲ. ಅದು ಪೂರಕ ದಾಖಲೆ ಮಾತ್ರ. ಸರಕಾರ ಗೊತ್ತುಪಡಿಸಿದ ವೈದ್ಯಾಧಿಕಾರಿಗಳೇ ಪರೀಕ್ಷಿಸಿ ಕೊಡಬೇಕು. ಅದಕ್ಕೆ ಯು.ಡಿ.ಐ.ಡಿ. ಕಾರ್ಡಿನ ಅರ್ಜಿ ಹಾಕಬೇಕು. ಅಕ್ಷಯ ಕೇಂದ್ರದಲ್ಲಿ ಹಾಕಿಸಿಕೊಳ್ಳಬಹುದು. ಒಮ್ಮೆ ಸಿಕ್ಕಿದ ಪ್ರಮಾಣಪತ್ರ ದೇಶದ ಎಲ್ಲೆಡೆ ಸಲ್ಲುತ್ತದೆ. ಮುಂದೆ ಮಗು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಲಿಯಲು ಹೋದರೆ ಹೊಸದಾಗಿ ಮಾಡಿಸಬೇಕಿಲ್ಲ. ಶೇಕಡಾವಾರು ಕಡಿಮೆ ಬರೆದಿದ್ದಾರೆ ಎನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಆರು ವರ್ಷ ತುಂಬಲಿ ಎಂದು ಕಾಯಬೇಡಿ. ಮಗು ತೀರಾ ಚಿಕ್ಕದಿರುವಾಗಲೇ ಅಂಗನವಾಡಿಯ ಟೀಚರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಗೆ ತಿಳಿಸಿ. ಮಕ್ಕಳ ಬೆಳವಣಿಗೆಯ ದೋಷಗಳನ್ನು ಬೇಗ ಗುರುತಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ.

ಶಾಲೆಯಲ್ಲಿ ಏನು ಕೇಳಬೇಕು?

ಪ್ರತಿ ಬ್ಲಾಕಿನಲ್ಲಿ ಸಮಗ್ರ ಶಿಕ್ಷಾ ಯೋಜನೆಯ ಒಂದು ಸಂಪನ್ಮೂಲ ಕೇಂದ್ರವಿದೆ. ಜನ ಅದನ್ನು ಬಿ.ಆರ್.ಸಿ. ಎನ್ನುತ್ತಾರೆ. ವಿಶೇಷ ತರಬೇತಿ ಪಡೆದ ಶಿಕ್ಷಕರು ಅಲ್ಲಿಂದ ಶಾಲೆಗಳಿಗೆ ಬರುತ್ತಾರೆ. ಹಾಸಿಗೆ ಬಿಟ್ಟೇಳಲಾರದ, ತೀವ್ರ ತೊಂದರೆಯ ಮಗುವಾದರೆ ಮನೆಯಲ್ಲೇ ಕಲಿಯುವ ಏರ್ಪಾಡನ್ನು ಕೇಳುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯಿದೆಯ 2012ರ ತಿದ್ದುಪಡಿ ಕೊಟ್ಟಿದೆ.

ಇಂತಹ ಶಿಕ್ಷಕರ ಕೊರತೆ ಎಲ್ಲ ಕಡೆ ಇದೆ. ಪ್ರಾಥಮಿಕ ತರಗತಿಗಳಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು 2021ರ ಅಕ್ಟೋಬರದಲ್ಲಿ ಹೇಳಿತು. ಹಾಗಾಗಿ “ಶಿಕ್ಷಕರಿಲ್ಲ” ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಆ ಮಾತನ್ನು ಬರಹದಲ್ಲಿ ಕೊಡುವಂತೆ ಕೇಳಿ. ಬಾಯಿಮಾತಿನ ‘ಇಲ್ಲ’ ಗಾಳಿಗೆ ಹೋಗುತ್ತದೆ. ಕಾಗದದ ‘ಇಲ್ಲ’ ಮುಂದಿನ ಕಚೇರಿಯಲ್ಲಿ ನಿಮಗೆ ಸಾಕ್ಷಿಯಾಗುತ್ತದೆ.

ಅರ್ಜಿ ಉದ್ದವಾಗಿರಬೇಕಿಲ್ಲ. ಹೀಗಿದ್ದರೆ ಸಾಕು:

“ಮುಖ್ಯೋಪಾಧ್ಯಾಯರಿಗೆ ವಂದನೆಗಳು. ನಮ್ಮ ಮಗಳು ನಿಮ್ಮ ಶಾಲೆಯ ಮೂರನೇ ತರಗತಿಯಲ್ಲಿ ಕಲಿಯುತ್ತಿದ್ದಾಳೆ. ಅವಳಿಗೆ ಕಲಿಕೆಯ ತೊಂದರೆ ಇದೆಯೆಂದು ವೈದ್ಯರು ಬರೆದ ಪತ್ರದ ಪ್ರತಿ ಇದರೊಂದಿಗೆ ಇದೆ. ಬಿ.ಆರ್.ಸಿ.ಯ ವಿಶೇಷ ಶಿಕ್ಷಕರು ಅವಳನ್ನು ನೋಡಿ, ವಾರದಲ್ಲಿ ಯಾವ ದಿನ ಎಷ್ಟು ಹೊತ್ತು ಕಲಿಸುವರೆಂದು ನಮಗೆ ಬರಹದಲ್ಲಿ ತಿಳಿಸಬೇಕಾಗಿ ವಿನಂತಿ.”

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಹಾಕಿಸಿ ಸಹಿ ತೆಗೆದುಕೊಳ್ಳಿ. ಸಹಿ ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ಇಟ್ಟುಕೊಳ್ಳಿ.

ಮಲಯಾಳ ಬರೆಯಲು ಬರುವುದಿಲ್ಲವೆಂದು ಹಿಂಜರಿಯುವ ಹೆತ್ತವರು ನಮ್ಮಲ್ಲಿ ಬಹಳ. ಕೇರಳದ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ 1969ರ ಅಧಿಕೃತ ಭಾಷಾ ಕಾಯಿದೆಯಿಂದ ಬಂದದ್ದು. ಆದ್ದರಿಂದ ಮೇಲಿನ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ.

ಜೊತೆಗೆ ಬರುವವರು ಯಾರು?

ಒಬ್ಬಂಟಿ ತಾಯಿ ಕಚೇರಿಯ ಮೆಟ್ಟಿಲು ಹತ್ತಿದರೆ “ನಾಳೆ ಬನ್ನಿ” ಎನ್ನುವುದು ಸುಲಭ. ಇಬ್ಬರು ಹೋದರೆ ಅಷ್ಟು ಸುಲಭವಲ್ಲ. ಜೊತೆಗೆ ಬರುವವರು ಕಾನೂನು ಪಂಡಿತರಾಗಿರಬೇಕಿಲ್ಲ. ನಿವೃತ್ತ ಅಧ್ಯಾಪಕರೋ, ಬ್ಯಾಂಕಿನಲ್ಲಿ ದುಡಿದವರೋ, ನಿಮ್ಮ ವಾಳೆಯ ಗುರಿಕಾರರೋ ಆಗಬಹುದು. ಜಗಳವಾಡದೆ, ಹೇಳಿದ್ದನ್ನು ಬರೆದುಕೊಂಡು, ಮುಂದಿನ ದಿನಾಂಕ ಕೇಳಿ ಬರುವವರು ಬೇಕು, ಅಷ್ಟೇ.

ಅದೇ ತೊಂದರೆಯ ಮಕ್ಕಳ ಹೆತ್ತವರು ಇನ್ನೂ ಒಳ್ಳೆಯ ಗುರುಗಳು. ಎಣ್ಮಕಜೆ, ಬದಿಯಡ್ಕ ಮುಂತಾದ ಪಂಚಾಯತುಗಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಬಡ್ಸ್ ಶಾಲೆಗಳಿವೆ. ಪಂಚಾಯತು ನಡೆಸುವ ಈ ಶಾಲೆಗಳಿಗೆ ಕುಟುಂಬಶ್ರೀಯ ಬೆಂಬಲವಿದೆ. ನಿಮ್ಮ ಮಗು ಅಲ್ಲಿಗೆ ಸೇರದಿದ್ದರೂ ಒಮ್ಮೆ ಹೋಗಿ ಅಲ್ಲಿನ ತಾಯಂದಿರೊಡನೆ ಮಾತನಾಡಿ. ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳುತ್ತಾರೆಂದು ಅವರಷ್ಟು ಚೆನ್ನಾಗಿ ಬೇರೆಯವರಿಗೆ ಗೊತ್ತಿರುವುದಿಲ್ಲ.

ವಕೀಲರ ಸಹಾಯವೂ ಹಣವಿಲ್ಲದೆ ಸಿಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಕ್ಕಳು, ಹೆಂಗಸರು, ಭಿನ್ನಸಾಮರ್ಥ್ಯದವರು ಉಚಿತ ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿಯಿಲ್ಲ. ನಾಲ್ಕು ಎಕರೆ ತೋಟವಿದ್ದವರೂ ಮಗುವಿಗಾಗಿ ಕೇಳಬಹುದು. ಜಿಲ್ಲಾ ಪ್ರಾಧಿಕಾರ ಕಾಸರಗೋಡು ವಿದ್ಯಾನಗರದ ನ್ಯಾಯಾಲಯದ ಆವರಣದಲ್ಲಿದೆ; ತಾಲೂಕು ಮಟ್ಟದಲ್ಲಿ ಸಮಿತಿಗಳಿವೆ. 15100ಕ್ಕೆ ಫೋನು ಮಾಡಿಯೂ ವಿಚಾರಿಸಬಹುದು. ಅರ್ಜಿ ಬರೆಯಲು, ಕಚೇರಿಗೆ ಬರಲು ಅವರ ಸ್ವಯಂಸೇವಕರು ನೆರವಾಗುತ್ತಾರೆ.

ಶಾಲೆಯಲ್ಲೂ ಉಪಜಿಲ್ಲಾ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲೂ ಕೆಲಸವಾಗದಿದ್ದರೆ ತಿರುವನಂತಪುರದಲ್ಲಿರುವ ರಾಜ್ಯ ಭಿನ್ನಸಾಮರ್ಥ್ಯದವರ ಕಮಿಷನರಿಗೆ ದೂರು ಬರೆಯಿರಿ. ವಿಚಾರಣೆಗೆ ಜನರನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಏನು ಕ್ರಮ ಕೈಗೊಂಡೆವೆಂದು ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು. ಇಲ್ಲಿ ನಿಮ್ಮ ಕಡತ ಉಪಯೋಗಕ್ಕೆ ಬರುತ್ತದೆ. ಅರ್ಜಿ ಏನಾಯಿತೆಂದು ಯಾರೂ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು.

ನಮ್ಮ ಜಿಲ್ಲೆ ಕಲಿಸಿದ ಪಾಠ

ಕಾಗದ ಹಿಡಿದು ಅಲೆದರೆ ಏನಾದೀತು ಎಂದು ಕೇಳುವವರಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯ ಡಾ. ಮೋಹನಕುಮಾರ್ ತಮ್ಮ ಬಳಿ ಬರುವ ರೋಗಿಗಳ ವಿಷಯವನ್ನು ಬರೆದು ತಿಳಿಸಿದರು. ಪತ್ರಕರ್ತ ಶ್ರೀಪಡ್ರೆ ಹೊರಜಗತ್ತಿಗೆ ಮುಟ್ಟಿಸಿದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅನ್ವಯಿಸುವಂತೆ ಆ ವಿಷವನ್ನು ತಡೆಯಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಆದೇಶಿಸಿತು. ಆದೇಶವಾದ ಮೇಲೂ ಹಣ ತಾನಾಗಿ ಬರಲಿಲ್ಲ. ಕೆಲವರು ಮತ್ತೆ ಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಕೋರ್ಟು ವಿಳಂಬವನ್ನು ಖಂಡಿಸಿತು. ಹಕ್ಕು ಸಿಕ್ಕಿದ ಮೇಲೂ ಅದರ ಬೆನ್ನು ಬಿಡಬಾರದೆಂಬುದನ್ನು ಇದರಿಂದ ಕಲಿಯಬೇಕು.

18 ವರ್ಷ ತುಂಬುವ ಮೊದಲು

ಇನ್ನೊಂದು ಮಾತನ್ನು ಜಾಗ ಇರುವ ಕುಟುಂಬಗಳು ಗಮನಿಸಬೇಕು. 18 ತುಂಬಿದ ಮೇಲೆ ತಾಯಿತಂದೆ ಮಗುವಿನ ಕಾನೂನುಬದ್ಧ ರಕ್ಷಕರಾಗಿ ತಾವಾಗಿಯೇ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಯ ಕುಂಠಿತ ಅಥವಾ ಬಹುವಿಧ ತೊಂದರೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ರಕ್ಷಕರನ್ನು ನೇಮಿಸುತ್ತದೆ. ಜಾಗ ಪಾಲಾಗುವಾಗ ಆ ಮಗುವಿನ ಪಾಲು ಯಾರ ಕೈಯಲ್ಲಿರಬೇಕು ಎಂಬುದನ್ನು ಹೆತ್ತವರು ಬದುಕಿರುವಾಗಲೇ ಯೋಚಿಸಿದರೆ ಮುಂದೆ ಅಣ್ಣತಮ್ಮಂದಿರೊಳಗೆ ವ್ಯಾಜ್ಯವಾಗುವುದು ತಪ್ಪುತ್ತದೆ.

ವಾಚಕರೇ, ನಿಮ್ಮ ಮನೆಯಲ್ಲಿ ಇಂತಹ ಮಗುವಿಲ್ಲದಿರಬಹುದು. ಆದರೆ ನಿಮ್ಮ ವಾಳೆಯಲ್ಲಿ ಖಂಡಿತ ಒಂದು ಮನೆ ಇದ್ದೀತು. ಅಲ್ಲಿನ ತಾಯಿ ಮಗುವನ್ನು ಬಿಟ್ಟು ಹೊರಗೆ ಬರಲಾಗದೆ ಅರ್ಜಿ ಕೊಡುವುದನ್ನು ಮುಂದೂಡುತ್ತಿರಬಹುದು. ಅಡಿಕೆ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಎಂದು ತಂದೆ ಕಾಯುತ್ತಿರಬಹುದು. ಒಂದು ದಿನದ ಕೆಲಸ ಬಿಟ್ಟು ಅವರ ಜೊತೆ ಶಾಲೆಗೆ ಹೋಗಿಬನ್ನಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಿ. ಮಗುವಿನ ಪರವಾಗಿ ಮಾತನಾಡುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.