ಕತ್ತಲಾದ ತೆರೆಯ ಹಿಂದೆ ಉಳಿದಿದ್ದ ಕಡತಗಳು

ಕಳೆದ ಆಟಿ ತಿಂಗಳ ಒಂದು ಸಂಜೆ, ಬದಿಯಡ್ಕದ ಆಚೆಗಿರುವ ನಮ್ಮ ಅಣ್ಣನವರ ಮನೆಗೆ ನಾವು ಹೋಗಿದ್ದೆವು. ಮಳೆ ಬಿಟ್ಟಿರಲಿಲ್ಲ, ಕರೆಂಟು ಬಂದು ಹೋಗಿ ಮಾಡುತ್ತಿದ್ದಿತು. ಎಂದಿನಂತೆ ಅಣ್ಣನವರು ಜಗಲಿಗೆ ಬಂದು ಎದುರುಗೊಳ್ಳಲಿಲ್ಲ. ಚಾವಡಿಯ ಮೂಲೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ, ಕಾಯಿಲೆಯವರ ಮಂಚದ ಬಳಿ ಕುಳಿತಂತೆ, ಸುಮ್ಮನೆ ಅದನ್ನೇ ನೋಡುತ್ತ ಕುಳಿತಿದ್ದರು.

ಆ ಯಂತ್ರಕ್ಕೆ ಇಂದು ಗುಜರಿಯವನು ಕೊಡುವಷ್ಟೇ ಬೆಲೆ. ಆದರೆ ಅದರೊಳಗೆ ಅಣ್ಣನವರ ಏಳು ವರ್ಷಗಳ ದುಡಿಮೆಯಿದೆ. ನಮ್ಮ ನೆಲವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಕಾಗದಪತ್ರಗಳು, ಗೇಣಿಚೀಟಿಗಳು, ಪಾಲುಪಟ್ಟಿಗಳು ಗೆದ್ದಲಿಗೆ ಆಹಾರವಾಗುತ್ತಿರುವುದನ್ನು ಕಂಡು, ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲೆ ಅವರು ಅವನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಬೆರಳಚ್ಚು ಮಾಡುತ್ತ ಬಂದಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಬಳಿಕ ಹುಟ್ಟಿದ ನಮ್ಮಲ್ಲಿ ಅನೇಕರಿಗೆ ಆ ಹಳೆಯ ಕೂಡಕ್ಷರದ ಕೈಬರಹ ಓದಲು ಬಾರದು. ಯಾವ ಮಜಲಿಗೆ ಏನು ಹೆಸರು, ಯಾವ ಬೈಲಿನ ಗಡಿ ಯಾವ ತೋಡು ಎಂಬುದೆಲ್ಲ ಈಗ ಉಳಿದಿರುವುದು ಆ ಪ್ರತಿಯಲ್ಲಿಯೇ. ಮೂಲಗಳಲ್ಲಿ ಕೆಲವು ಹುಡಿಯಾಗಿಯೂ ಹೋಗಿವೆ.

ಯಂತ್ರಕ್ಕೆ ಬಂದ ರೋಗದ ಲಕ್ಷಣ ವಿಚಿತ್ರವಾಗಿದ್ದಿತು. ಹೊತ್ತಿಸಿದರೆ ಹೊತ್ತಿಕೊಳ್ಳುತ್ತದೆ. ಹೆಸರು, ಗುಟ್ಟುಪದ ಕೇಳುವ ಪುಟ ಬರುತ್ತದೆ. ಸರಿಯಾದ ಗುಟ್ಟುಪದವನ್ನು ಕೊಟ್ಟರೆ ತೆರೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಅದೇ ಪುಟ! ತಪ್ಪು ಪದವನ್ನು ಕೊಟ್ಟರೆ ‘ತಪ್ಪು’ ಎನ್ನುತ್ತದೆ. ಸರಿಯಾದುದನ್ನು ಕೊಟ್ಟರೆ ಮಾತಿಲ್ಲದೆ ಹೊರಗಟ್ಟುತ್ತದೆ. ಪೇಟೆಯ ದುರಸ್ತಿಯ ಅಂಗಡಿಯವರು ಫೋನಿನಲ್ಲಿಯೇ ತೀರ್ಪು ಕೊಟ್ಟಿದ್ದರು: “ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಮಾಷ್ಟ್ರೇ.” ಮರುದಿನ ಬೆಳಿಗ್ಗೆ ಯಂತ್ರವನ್ನು ಕೊಂಡೊಯ್ಯುವುದೆಂದು ನಿಶ್ಚಯವೂ ಆಗಿದ್ದಿತು.

ತಡೆದವಳು ಮೊಮ್ಮಗಳು. ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುವ ಹುಡುಗಿ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭವಾಗಿ, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಆಧಾರದ ಸ್ವತಂತ್ರ ತಂತ್ರಾಂಶವನ್ನು. ಗಡಿಯ ಈಚೆಗೆ ನಾವು ಕಳೆದುಕೊಂಡುದರ ಲೆಕ್ಕವನ್ನು ಆಗಾಗ ಹೇಳಿಕೊಳ್ಳುತ್ತೇವೆ. ದೊರೆತುದನ್ನೂ ಒಮ್ಮೆ ಹೇಳಬೇಕಷ್ಟೆ.

“ಅಜ್ಜಾ, ಗುಟ್ಟುಪದ ಸರಿ ಎಂದು ಅದಕ್ಕೆ ಗೊತ್ತಾಗಿದೆ. ಒಳಗೆ ಬಿಟ್ಟ ಮೇಲೆ ಏನೋ ತಡೆಯುತ್ತಿದೆ. ನಾಳೆ ಕೊಂಡುಹೋಗುವುದು ಬೇಡ” ಎಂದಳು.

ಇಲ್ಲಿ ಓದುಗ ಬಂಧುಗಳಿಗೆ ಒಂದು ವಿಷಯವನ್ನು ಬಿಡಿಸಿ ಹೇಳುವುದು ಅವಶ್ಯ. ಲಿನಕ್ಸ್ ಯಂತ್ರದಲ್ಲಿ ನಾವು ಕಾಣುವ ಚಿತ್ರ, ಕಿಟಕಿ, ಬಾಣದ ಗುರುತು ಇವೆಲ್ಲ ಮನೆಯ ಪಂಚಾಂಗವಲ್ಲ, ಚಾವಡಿ ಮಾತ್ರ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದುಕೊಟ್ಟುದು ಬುನಾದಿಯನ್ನು. ತೆರೆಯ ಮೇಲೆ ಚಿತ್ರ ಬರೆಯುವ ‘ಎಕ್ಸ್’ ಎಂಬ ವ್ಯವಸ್ಥೆ ಅದಕ್ಕಿಂತ ಹಿರಿಯದು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿತು, ಅದರ ಹನ್ನೊಂದನೆಯ ರೂಪ 1987ರಲ್ಲಿ ಬಂದಿತು. ಅದರ ಮೇಲೆ ಗುಟ್ಟುಪದ ಕೇಳುವ ದ್ವಾರಪಾಲಕನೊಬ್ಬ. ಅವನನ್ನು ದಾಟಿದ ಮೇಲೆ ಡೆಸ್ಕ್‌ಟಾಪ್. ಅಣ್ಣನವರ ಯಂತ್ರದಲ್ಲಿದ್ದುದು ಉಬುಂಟು ಪರಿವಾರದ 2018ರ ಆವೃತ್ತಿ. ಹಳೆಯ ಯಂತ್ರಕ್ಕೆ ಭಾರವಾಗದ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್. ಚಾವಡಿಯ ಬಾಗಿಲು ಸಿಕ್ಕಿಕೊಂಡರೂ ಬುನಾದಿಗೆ ಧಕ್ಕೆಯಿಲ್ಲ. ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಬಹುದು.

ಆ ಹಿತ್ತಿಲ ಬಾಗಿಲನ್ನು ಹುಡುಗಿ ತೆರೆದಳು. ಕಂಟ್ರೋಲ್, ಆಲ್ಟ್, ಎಫ್ 3 ಎಂಬ ಮೂರು ಗುಂಡಿಗಳನ್ನು ಒಮ್ಮೆಗೇ ಒತ್ತಿದಾಗ ಚಿತ್ರವೆಲ್ಲ ಮಾಯವಾಗಿ, ಕಪ್ಪು ತೆರೆಯ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರಗಳು ಮೂಡಿದವು. ಅಲ್ಲಿ ಅದೇ ಹೆಸರು, ಅದೇ ಗುಟ್ಟುಪದ. ಈ ಸಲ ಹೊರಗಟ್ಟಲಿಲ್ಲ. ‘ಎಲ್‌ಎಸ್’ ಎಂಬ ಆಜ್ಞೆಯನ್ನು ಕೊಟ್ಟು ಅಜ್ಜನ ಕಡತಗಳ ಪಟ್ಟಿಯನ್ನು ತೆರೆದಳು.

ಅಣ್ಣನವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಅವರು ಕನ್ನಡದಲ್ಲಿ ಇಟ್ಟಿದ್ದ ಹೆಸರುಗಳಿರಬೇಕಾದ ಕಡೆ ಸಾಲು ಸಾಲಾಗಿ ಒಂದೇ ಬಗೆಯ ಅರ್ಥವಿಲ್ಲದ ಗುರುತುಗಳು. “ಹೋಯಿತು. ಎಲ್ಲ ಹೋಯಿತು” ಎಂದು ಕೈಚೆಲ್ಲಿದರು. ನಮಗೂ ಹಾಗೆಯೇ ಅನಿಸಿತೆಂಬುದನ್ನು ಮುಚ್ಚಿಡುವುದಿಲ್ಲ.

“ಹೋಗಿಲ್ಲ ಅಜ್ಜಾ. ಈ ಕಪ್ಪು ತೆರೆಗೆ ಕನ್ನಡ ಬಾರದು, ಅಷ್ಟೆ.”

ಅವಳೆಂದುದು ನಿಜ. ಕನ್ನಡ ಲಿಪಿಗೆ ಯುನಿಕೋಡಿನಲ್ಲಿ 1991ರಲ್ಲಿಯೇ ಸ್ಥಾನ ದೊರೆಯಿತು. ಕಡತಗಳೊಳಗೆ ಅಕ್ಷರಗಳು ಆ ಸಂಖ್ಯೆಗಳ ರೂಪದಲ್ಲಿ ಭದ್ರವಾಗಿರುತ್ತವೆ. ಆದರೆ ಲಿನಕ್ಸಿನ ಆ ಬರಿಯ ತೆರೆ ಒಮ್ಮೆಗೆ 512ಕ್ಕಿಂತ ಹೆಚ್ಚು ಅಕ್ಷರರೂಪಗಳನ್ನು ಇಟ್ಟುಕೊಳ್ಳಲಾರದು. ಒತ್ತಕ್ಷರವನ್ನು ಜೋಡಿಸುವುದಂತೂ ಅದಕ್ಕೆ ತಿಳಿಯದು. ಹುಡುಗಿ ಪಟ್ಟಿಯನ್ನು ವಿವರವಾಗಿ ತೆರೆದು ತೋರಿಸಿದಳು. ಹೆಸರು ಕಾಣದಿದ್ದರೂ ಪ್ರತಿಯೊಂದರ ಗಾತ್ರ, ತಿಂಗಳು, ದಿನ ಅಂಕೆಗಳಲ್ಲಿ ಸ್ಪಷ್ಟವಾಗಿದ್ದವು. ಯಾವುದರ ಗಾತ್ರವೂ ಸೊನ್ನೆಯಾಗಿರಲಿಲ್ಲ. ಅಣ್ಣನವರು ಕನ್ನಡಕವನ್ನೊರೆಸಿಕೊಂಡು ಕೊನೆಯ ದಿನಾಂಕವನ್ನು ಓದಿ, “ಇದು ಮೊನ್ನೆ ಬರೆದ ಪಾಲುಪಟ್ಟಿ” ಎಂದರು.

ದುರಸ್ತಿಗೆ ಕೈಹಾಕುವ ಮೊದಲು ಅವಳು ಮಾಡಿದ ಕೆಲಸ ನಮಗೆ ಬಹಳ ಮೆಚ್ಚಿಗೆಯಾಯಿತು. ಪೆನ್‌ಡ್ರೈವ್ ಒಂದನ್ನು ಜೋಡಿಸಿ, ‘ಟಾರ್’ ಎಂಬ ಆಜ್ಞೆಯಿಂದ ಆ ಕಡತಗಳನ್ನೆಲ್ಲ ಒಂದೇ ಗಂಟಾಗಿ ಕಟ್ಟಿ ನೇರವಾಗಿ ಅದರೊಳಗೆ ಇಟ್ಟಳು. ಗಂಟಿನೊಳಗೆ ಕನ್ನಡದ ಹೆಸರುಗಳು ಇದ್ದಂತೆಯೇ ಇರುತ್ತವೆಯಂತೆ. ಇದಾದ ಮೇಲೆಯೇ ಅಣ್ಣನವರು ಕಾಫಿ ಕುಡಿದುದು.

ಅನಂತರ ರೋಗದ ಮೂಲ. ‘ಡಿಎಫ್’ ಎಂಬ ಆಜ್ಞೆ ಡಿಸ್ಕಿನಲ್ಲಿ ಎಷ್ಟು ಜಾಗವಿದೆಯೆಂದು ತಿಳಿಸುತ್ತದೆ. ಉತ್ತರ: 100ಕ್ಕೆ 100 ಭರ್ತಿ! ಕಾಗದಪತ್ರಗಳ ಬೆರಳಚ್ಚಿಗೆ ಅಷ್ಟು ಜಾಗ ಬೇಡ. ಹೆಸರಿನ ಮೊದಲಿಗೆ ಚುಕ್ಕೆಯಿರುವ ಕಡತಗಳು ಸಾಮಾನ್ಯವಾಗಿ ಪಟ್ಟಿಯಲ್ಲಿ ಕಾಣಿಸವು. ಅವನ್ನೂ ತೋರಿಸೆಂದು ಕೇಳಿದಾಗ ‘ಎಕ್ಸ್‌ಸೆಶನ್ ಎರರ್ಸ್’ ಎಂಬುದೊಂದು 41 ಗಿಗಾಬೈಟ್ ಗಾತ್ರಕ್ಕೆ ಉಬ್ಬಿಕೊಂಡಿದ್ದಿತು. ಡೆಸ್ಕ್‌ಟಾಪಿನ ಯಾವುದೇ ಅಂಗಕ್ಕೆ ತೊಂದರೆಯಾದರೆ ಅದು ತನ್ನ ದೂರನ್ನು ಬರೆದಿಡುವ ಪುಸ್ತಕವದು. ಯಾವುದೋ ಚಿಕ್ಕ ತಂತ್ರಾಂಶ ಒಂದೇ ದೂರನ್ನು ಹಗಲಿರುಳು ಬರೆಯುತ್ತ ಮನೆಯನ್ನೆಲ್ಲ ತುಂಬಿಸಿಬಿಟ್ಟಿದ್ದಿತು. ಬಳಕೆದಾರನನ್ನು ಒಳಗೆ ಬಿಡುವಾಗ ‘ಎಕ್ಸ್ ಅಥಾರಿಟಿ’ ಎಂಬ ಚಿಕ್ಕ ರಹದಾರಿಯನ್ನು ಅವನ ಕಡತಗಳ ನಡುವೆ ಬರೆಯಬೇಕು. ಜಾಗವಿಲ್ಲ, ಬರೆಯಲಾಗಲಿಲ್ಲ, ಹೊರಗೆ ಕಳುಹಿಸಿತು.

ದೂರಿನ ಪುಸ್ತಕವನ್ನು ಅಳಿಸಿದಳು. ಕಂಟ್ರೋಲ್, ಆಲ್ಟ್, ಎಫ್ 7 ಒತ್ತಿ ಚಿತ್ರದ ತೆರೆಗೆ ಮರಳಿ ಗುಟ್ಟುಪದವನ್ನು ಕೊಟ್ಟಳು. ಮತ್ತೆ ಅದೇ ಕಥೆ!

ಹುಡುಗಿ ತುಸು ಹೊತ್ತು ಉಗುರು ಕಚ್ಚಿದಳು. “ಅಜ್ಜಾ, ಇದನ್ನು ಬೇರೆ ಯಾರಾದರೂ ಮುಟ್ಟಿದ್ದಾರೆಯೇ?” ಎಂದು ಕೇಳಿದಳು. ಹಿಂದಿನ ದಿನ ನೆರೆಮನೆಯ ಹುಡುಗನೊಬ್ಬ ಸಹಾಯಕ್ಕೆ ಬಂದು, ಯಜಮಾನನ ಅಧಿಕಾರವನ್ನು ಕೊಡುವ ‘ಸುಡೊ’ ಎಂಬ ಪದವನ್ನು ಸೇರಿಸಿ ಡೆಸ್ಕ್‌ಟಾಪನ್ನು ಎಬ್ಬಿಸಲು ಹೆಣಗಿದ್ದನಂತೆ. ಅದರಿಂದ ಆ ರಹದಾರಿ ಯಜಮಾನನ ಹೆಸರಿಗೆ ದಾಖಲಾಗಿಬಿಟ್ಟಿದ್ದಿತು; ಈಗ ಅಣ್ಣನವರಿಗೇ ಅದನ್ನು ಮುಟ್ಟುವ ಹಕ್ಕಿಲ್ಲ. ಸ್ವಂತ ಮನೆಯ ಕೀಲಿಕೈ ಬೇರೆಯವರ ಹೆಸರಿಗೆ ಬರೆದುಹೋದಂತೆ. ಪಟ್ಟೆ ಬದಲಾಯಿಸುವುದೆಂದರೆ ವರ್ಷಗಟ್ಟಲೆ ಕಚೇರಿ ಅಲೆಯುವುದೆಂದು ತಿಳಿದಿದ್ದ ನಮ್ಮ ಅಣ್ಣನವರಿಗೆ, ‘ಚೌನ್’ ಎಂಬ ಒಂದೇ ಸಾಲಿನ ಆಜ್ಞೆಯಿಂದ ಒಡೆತನ ಬದಲಾದುದು ದೊಡ್ಡ ಸೋಜಿಗವೆನಿಸಿತು.

ಎಲ್ಲ ಕತ್ತಲೆಯೂ ಇದೇ ಕಾರಣದ್ದಲ್ಲ. ಗುಟ್ಟುಪದ ಕೇಳುವ ಮೊದಲೇ ತೆರೆ ಕಪ್ಪಾದರೆ ಚಿತ್ರ ಮೂಡಿಸುವ ಕಾರ್ಡಿಗೂ ತಂತ್ರಾಂಶಕ್ಕೂ ಹೊಂದಿಕೆಯಿಲ್ಲದಿರಬಹುದು; ಆರಂಭದ ಸಾಲಿಗೆ ‘ನೋಮೋಡ್‌ಸೆಟ್’ ಎಂಬ ಪದವನ್ನು ಸೇರಿಸಿ ನೋಡುವುದುಂಟು. ಡೆಸ್ಕ್‌ಟಾಪ್ ಬಂದರೂ ಕನ್ನಡ ಮಾತ್ರ ಚೌಕಗಳಾಗಿ ಕಂಡರೆ ಲೋಹಿತ್, ಗುಬ್ಬಿ, ನವಿಲು ಮುಂತಾದ ಅಕ್ಷರವಿನ್ಯಾಸಗಳಲ್ಲಿ ಒಂದನ್ನು ಹಾಕಿಕೊಂಡರೆ ಸಾಕು. ಅಣ್ಣನವರ ಆವೃತ್ತಿಗೆ ಬರುತ್ತಿದ್ದ ಭದ್ರತೆಯ ತಿದ್ದುಪಡಿಗಳ ಅವಧಿ ಮುಗಿದಿದೆ. ಆದುದರಿಂದ ಅಂತರ್ಜಾಲಕ್ಕೆ ಜೋಡಿಸದೆ ಬರೆವಣಿಗೆಗೆ ಮಾತ್ರ ಬಳಸುವುದೆಂದು ನಿರ್ಧರಿಸಿದರು. ಇನ್ನೂ ಹಳೆಯ 32 ಬಿಟ್ ಯಂತ್ರಗಳಿದ್ದವರು ಗಮನಿಸಬೇಕು: 2025ರಲ್ಲಿ ಬಂದ ಡೆಬಿಯನ್ 13 ಅವುಗಳ ಮೇಲೆ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ಕೈಬಿಟ್ಟಿದೆ.

ರಾತ್ರಿ ಎಂಟರ ಹೊತ್ತಿಗೆ ತೆರೆಯ ಮೇಲೆ ಡೆಸ್ಕ್‌ಟಾಪ್ ಮೂಡಿತು. ಅರ್ಥವಿಲ್ಲದ ಗುರುತುಗಳಾಗಿದ್ದುದೆಲ್ಲ ಕನ್ನಡದ ಹೆಸರುಗಳಾಗಿ ಸಾಲುಗಟ್ಟಿ ನಿಂತವು. ಅಣ್ಣನವರು ಕೊನೆಯ ಪಾಲುಪಟ್ಟಿಯನ್ನು ತೆರೆದು, ಜೋರಾಗಿ ಎರಡು ಸಾಲು ಓದಿ, ನಡುವೆ ನಿಲ್ಲಿಸಿದರು.

“ಚಿಕ್ಕಜ್ಜಾ, ನೋಡಿ,” ಎಂದು ಹುಡುಗಿ ನಮ್ಮತ್ತ ತಿರುಗಿ ನಕ್ಕಳು, “ಅಜ್ಜ ‘ಮಜಲು’ ಎಂಬುದನ್ನು ‘ಮಹಲು’ ಎಂದು ಬರೆದಿದ್ದಾರೆ.”

ಅಣ್ಣನವರು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.